ಮಕ್ಕಳ ವ್ಯಾನ್ ಡ್ರೈವರ್ ಮೇಲೆ ಕುಡಿದು ಓಡಿಸಿದ ಕೇಸ್ ಇದೆಯಾ? ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು. ನನ್ನ ಇಬ್ಬರು ಮಕ್ಕಳು ದಿನಾ ಖಾಸಗಿ ಓಮ್ನಿಯಲ್ಲಿ ಶಾಲೆಗೆ ಹೋಗಿ ಬರುತ್ತಾರೆ. ಈ ಜೂನ್‌ನಿಂದ ಡ್ರೈವರ್ ಬದಲಾಗಿದ್ದಾರೆ. ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರು, ಅರೆಸ್ಟೂ ಆಗಿತ್ತು ಅಂತ ಊರಲ್ಲಿ ಮಾತು. 'ಡ್ರೈವರ್ ಅಣ್ಣ ಬೆಳಿಗ್ಗೆ ಯಾವಾಗಲೂ ಏಲಕ್ಕಿ ಅಗೀತಿರ್ತಾರೆ' ಅಂತ ಮಗಳು ಹೇಳಿದ ಮೇಲೆ ನನಗೆ ನಿದ್ದೆ ಇಲ್ಲ. ಹಾಗಂತ ಸುಮ್ನೆ ಒಬ್ಬರ ಮೇಲೆ ಅಪವಾದ ಹೊರಿಸಲು ಮನಸ್ಸಿಲ್ಲ. ಕೋರ್ಟ್, ಪೊಲೀಸ್ ದಾಖಲೆಗಳನ್ನು ನಮ್ಮಂಥವರು ನೋಡಬಹುದಾ? ಎಲ್ಲಿ ನೋಡಬೇಕು?

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ಮಾತು ಹೇಳಬೇಕು. ದಾಖಲೆ ಹೇಳುವುದು ಎರಡು ವರ್ಷದ ಹಿಂದಿನ ಕಥೆ. ನಿಮ್ಮ ಮಕ್ಕಳು ಓಮ್ನಿ ಹತ್ತುವುದು ನಾಳೆ ಬೆಳಿಗ್ಗೆ. ಆತನ ಬಾಯಿಂದ ವಾಸನೆ ಬಂದರೆ, ಮಾತು ತೊದಲಿದರೆ, ಮಕ್ಕಳನ್ನು ಹತ್ತಿಸಬೇಡಿ. ಅಲ್ಲೇ ನಿಂತು 112ಕ್ಕೆ ಫೋನ್ ಮಾಡಿ. ಅದಕ್ಕೆ ಯಾವ ದಾಖಲೆಯೂ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಆದರೆ ಏಲಕ್ಕಿ ಒಂದನ್ನೇ ಸಾಕ್ಷಿ ಅಂತ ಹಿಡಿಯಬೇಡಿ. ಬೀಡಿ ವಾಸನೆ ಮುಚ್ಚಲೂ ಅಗಿಯುತ್ತಾರೆ, ತಿರುವಿನ ದಾರಿಯಲ್ಲಿ ಹೊಟ್ಟೆ ತೊಳಸದಿರಲಿ ಅಂತಲೂ ಅಗಿಯುತ್ತಾರೆ.

ಈಗ ದಾಖಲೆಯ ವಿಚಾರ. ನೋಡಬಹುದು. ಪೂರ್ತಿ ಅಲ್ಲ, ಆದರೆ ನಿಮಗೆ ಬೇಕಾದಷ್ಟು ನೋಡಬಹುದು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಜಾಲತಾಣಗಳು ಬರುತ್ತವೆ. ಅಲ್ಲಿ ಅರೆಸ್ಟ್ ಆದವರ ಹೆಸರು, ಫೋಟೊ ಎಲ್ಲ ಒಂದೇ ಕಡೆ ಸಿಗುತ್ತವೆ. ನಮ್ಮಲ್ಲಿ ಜನ ಕೂತು ನೋಡುವಂಥ ಅರೆಸ್ಟ್ ಪಟ್ಟಿ ಹಾಗಿಲ್ಲ. ಪೊಲೀಸರ ಸಿಸಿಟಿಎನ್‌ಎಸ್ ಕಂಪ್ಯೂಟರ್ ಜಾಲದಲ್ಲಿ ಹಳೇ ಕೇಸುಗಳ ಮಾಹಿತಿ ಇರುತ್ತದೆ, ಆದರೆ ಅದು ಅವರ ಒಳಗಿನ ಬಳಕೆಗೆ. ಹಣ ಕಟ್ಟಿದರೆ ಯಾರದೇ ಕ್ರಿಮಿನಲ್ ದಾಖಲೆ ತೆಗೆದುಕೊಡುತ್ತೇವೆ ಅನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಕೋರ್ಟಿನ ಜಾಲತಾಣದಲ್ಲಿ ಪುಕ್ಕಟೆ ಸಿಗುವುದನ್ನೇ ಹೆಸರು ಹೊಂದಿಸಿ ಕೊಡುವುದು ಜಾಸ್ತಿ.

ಇಂಥ ಕೇಸ್ ಹುಟ್ಟುವುದು ಹೇಗೆ ಅಂತ ಗೊತ್ತಾದರೆ, ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ರಾತ್ರಿ ಆಲ್ಕೊಳ ಸರ್ಕಲ್ ಹತ್ತಿರ ಬ್ಯಾರಿಕೇಡ್ ಹಾಕಿದ್ದಾರೆ ಅಂದುಕೊಳ್ಳಿ. ಗಾಡಿ ನಿಲ್ಲಿಸಿ ಮಿಷನ್‌ಗೆ ಊದಿಸುತ್ತಾರೆ. ಅದರಿಂದ ಬಸ್ ಟಿಕೆಟ್ ಥರದ ಚೀಟಿ ಹೊರಗೆ ಬರುತ್ತದೆ. ತಾರೀಖು, ಗಂಟೆ, ಮಿಷನ್ ನಂಬರ್, ಒಂದು ಅಂಕಿ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಬೀಳುತ್ತದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಮೊದಲ ಸಲದ ದಂಡ 2,000 ರೂಪಾಯಿವರೆಗೆ ಇತ್ತು.

ಹೆಲ್ಮೆಟ್ ಇಲ್ಲದಿದ್ದರೆ ಪೊಲೀಸರೇ ದಂಡ ಕಟ್ಟಿಸಿಕೊಂಡು ರಸೀದಿ ಕೊಟ್ಟು ಕಳಿಸುತ್ತಾರೆ, ಅಲ್ವಾ? 185ರಲ್ಲಿ ಅದು ಆಗುವುದಿಲ್ಲ. ರಸ್ತೆಯಲ್ಲೇ ರಾಜಿ ಮಾಡಿಕೊಳ್ಳಬಹುದಾದ ತಪ್ಪುಗಳ ಪಟ್ಟಿಯಲ್ಲಿ ಈ ಸೆಕ್ಷನ್ ಇಲ್ಲ. ಕೇಸ್ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು, ದಂಡ ಹಾಕುವುದೂ ಅವರೇ. ನಿಮಗೆ ಅನುಕೂಲ ಆಗುವುದು ಇಲ್ಲೇ. ನಿಜವಾಗಿ ಕೇಸ್ ಆಗಿದ್ದರೆ ಯಾವುದೋ ಒಂದು ಕೋರ್ಟಿನ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರ್ ಬಿದ್ದಿರುತ್ತದೆ.

ಅರೆಸ್ಟ್ ಅನ್ನುವ ಮಾತನ್ನು ಮಾತ್ರ ಸ್ವಲ್ಪ ಪಕ್ಕಕ್ಕಿಡಿ. ಸಮವಸ್ತ್ರದಲ್ಲಿರುವ ಪೊಲೀಸರು 185ರಲ್ಲಿ ವಾರಂಟ್ ಇಲ್ಲದೆ ಬಂಧಿಸಬಹುದು, ಕಾಯ್ದೆಯ 202ನೇ ಸೆಕ್ಷನ್ ಆ ಅಧಿಕಾರ ಕೊಡುತ್ತದೆ. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು. ಶಿವಮೊಗ್ಗ ಪೇಟೆಯಲ್ಲಾದರೆ ಮೆಗ್ಗಾನ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕಾರ್ಗಲ್ ಆಚೆ, ನಿಮ್ಮ ತಾಲ್ಲೂಕಿನ ನಗರ ಅನ್ನುವ ಊರಿನ ಆಚೆ ಮಳೆಗಾಲದ ರಾತ್ರಿಯಲ್ಲಿ 2 ಗಂಟೆ ಅಂದರೆ ಜಾಸ್ತಿ ಹೊತ್ತೇನಲ್ಲ. ಬಹಳ ಸಲ ಪೊಲೀಸರು ಗಾಡಿ ಹಿಡಿದಿಟ್ಟುಕೊಂಡು, ಕೋರ್ಟಿಗೆ ಬರಲು ನೋಟಿಸ್ ಕೊಟ್ಟು ಆಳನ್ನು ಮನೆಗೆ ಕಳಿಸುತ್ತಾರೆ. ಬಂಧಿಸಿದರೂ ಇದು ಜಾಮೀನು ಸಿಗುವ ಅಪರಾಧ, ಠಾಣೆಯಲ್ಲೇ ಬಿಡುಗಡೆ ಆಗುತ್ತದೆ. ಹಾಗಾಗಿ ಅರೆಸ್ಟ್ ಆಗಿಲ್ಲ ಅಂದ ಮಾತ್ರಕ್ಕೆ ಕೇಸ್ ಇಲ್ಲ ಅಂತಲ್ಲ. ಠಾಣೆಯ ಬೆಂಚಿನ ಮೇಲೆ ರಾತ್ರಿ ಕೂತಿದ್ದನ್ನು ಯಾರೋ ನೋಡಿದರು ಅಂದ ಮಾತ್ರಕ್ಕೆ ಅರೆಸ್ಟ್ ಆಗಿತ್ತು ಅಂತಲೂ ಅಲ್ಲ. ನೀವು ಹುಡುಕಬೇಕಾದದ್ದು ಕೋರ್ಟಿನ ಕೇಸನ್ನು.

ಇ-ಕೋರ್ಟ್ಸ್ ಸರ್ವಿಸಸ್ ಅಂತ ಕೇಂದ್ರದ ಜಾಲತಾಣ ಇದೆ, ಮೊಬೈಲ್ ಆ್ಯಪೂ ಇದೆ. ಲಾಗಿನ್ ಬೇಡ, ಫೀಸ್ ಇಲ್ಲ. ಕೇಸ್ ಸ್ಟೇಟಸ್ ಅನ್ನುವಲ್ಲಿ ಹೋಗಿ ರಾಜ್ಯ ಕರ್ನಾಟಕ, ಜಿಲ್ಲೆ ಶಿವಮೊಗ್ಗ, ಆಮೇಲೆ ಕೋರ್ಟ್ ಸಂಕೀರ್ಣ ಆರಿಸಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಡ್ರೈವರ್ ಹೊಸನಗರದವರು ಅಂತ ಹೊಸನಗರ ಕೋರ್ಟ್ ಒತ್ತುತ್ತಾರೆ. ಕೇಸ್ ಹೋಗುವುದು ಆಳಿನ ಊರಿಗಲ್ಲ, ಗಾಡಿ ಹಿಡಿದ ಜಾಗಕ್ಕೆ. ಶಿವಮೊಗ್ಗ ಪೇಟೆಯಲ್ಲಿ ಹಿಡಿದಿದ್ದರೆ ಶಿವಮೊಗ್ಗ ಕೋರ್ಟ್. ಭದ್ರಾವತಿ, ಸಾಗರ, ತೀರ್ಥಹಳ್ಳಿ, ಸೊರಬ, ಶಿಕಾರಿಪುರ, ಹೊಸನಗರಕ್ಕೆ ಅವುಗಳದ್ದೇ ಕೋರ್ಟುಗಳಿವೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕು. ಜಿಲ್ಲೆಯ ಗಡಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆಗುಂಬೆ ಊರು ತೀರ್ಥಹಳ್ಳಿ ತಾಲ್ಲೂಕು. 14 ತಿರುವು ಇಳಿದು ಸೋಮೇಶ್ವರ ಮುಟ್ಟಿದರೆ ಉಡುಪಿ ಜಿಲ್ಲೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋದರೆ ಚಿಕ್ಕಮಗಳೂರು ಜಿಲ್ಲೆ. ಜೋಗದ ಈಚೆ ಸಾಗರ ತಾಲ್ಲೂಕು, ಹೊಳೆ ದಾಟಿದರೆ ಸಿದ್ದಾಪುರ, ಉತ್ತರ ಕನ್ನಡ. 'ಜೋಗದ ಹತ್ತಿರ ಸಿಕ್ಕಿಬಿದ್ದ' ಅಂತ ಊರಲ್ಲಿ ಹೇಳಿದರೆ ಎರಡು ಜಿಲ್ಲೆಯಲ್ಲೂ ಹುಡುಕಬೇಕಾಗುತ್ತದೆ. ನಿಮಗೆ ಸಿಕ್ಕ ಸುದ್ದಿಯಲ್ಲಿ ಜಾಗದ ಹೆಸರು ಶಿವಮೊಗ್ಗ ಅಂತಿದೆ. ಅದು ಪೇಟೆಯೋ, ಜಿಲ್ಲೆಯೋ ಅಂತ ಹೇಳಿದವರನ್ನೇ ಮತ್ತೊಮ್ಮೆ ಕೇಳಿ.

ಕೋರ್ಟ್ ಆರಿಸಿದ ಮೇಲೆ ಹುಡುಕುವ ದಾರಿ ಹಲವು. ಕೇಸ್ ನಂಬರ್ ನಿಮ್ಮಲ್ಲಿಲ್ಲ. ಹಾಗಾಗಿ ಪಾರ್ಟಿ ಹೆಸರಿನಿಂದ ಶುರು ಮಾಡಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಕನಿಷ್ಠ 3 ಅಕ್ಷರ ಬೇಕು. ಪೂರ್ತಿ ಹೆಸರು ಹಾಕಬೇಡಿ, ಮೊದಲ ನಾಲ್ಕೈದು ಅಕ್ಷರ ಸಾಕು. ಮಂಜುನಾಥ ಅಂತ ನಾವು ಒಂದೇ ಥರ ಹೇಳಿದರೂ ಇಂಗ್ಲಿಷಿನಲ್ಲಿ ಕೊನೆಗೆ 'ಎ' ಸೇರಿಸಿ ಒಬ್ಬರು ಬರೆಯುತ್ತಾರೆ, ಸೇರಿಸದೆ ಇನ್ನೊಬ್ಬರು. 'ಥ'ಗೆ ಎಚ್ ಹಾಕದವರೂ ಇದ್ದಾರೆ. ಇನಿಷಿಯಲ್ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು.

ವರ್ಷದ ಖಾನೆಯಲ್ಲಿ ಕೇಳುವುದು ಕೇಸ್ ಕೋರ್ಟಿನಲ್ಲಿ ದಾಖಲಾದ ವರ್ಷ. ಡಿಸೆಂಬರ್ ಕೊನೆಯಲ್ಲಿ ಹಿಡಿದದ್ದು ಜನವರಿಯಲ್ಲಿ ನಂಬರ್ ಆಗಿರಬಹುದು. ಆ ವರ್ಷ ನೋಡಿ, ಮುಂದಿನ ವರ್ಷವನ್ನೂ ನೋಡಿ. ಇನ್ನೂ ಮುಖ್ಯವಾದದ್ದು ಬಾಕಿ, ಮುಗಿದದ್ದು, ಎರಡೂ ಅನ್ನುವ ಮೂರು ಗುಂಡಿಗಳು. ಬಾಕಿ ಅನ್ನುವುದರಲ್ಲೇ ಬಿಟ್ಟು ಹುಡುಕಿ, 'ಏನೂ ಇಲ್ಲ, ಸದ್ಯ' ಅಂತ ಸಮಾಧಾನ ಪಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಕುಡಿದು ಓಡಿಸಿದ ಕೇಸಿನಲ್ಲಿ ಹೆಚ್ಚಿನವರು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾರೆ. ಅಂಥ ಕೇಸ್ ಬಾಕಿ ಪಟ್ಟಿಯಲ್ಲಿ ಇರುವುದೇ ಇಲ್ಲ. ಎರಡೂ ಅನ್ನುವುದನ್ನು ಒತ್ತಿ.

ಹೆಸರಿನಿಂದ ರಾಶಿ ಕೇಸ್ ಬಂದರೆ ಕಾಯ್ದೆಯಿಂದಲೂ ಹುಡುಕಬಹುದು. ಆಕ್ಟ್ ಅನ್ನುವ ಟ್ಯಾಬ್‌ನಲ್ಲಿ ಮೋಟಾರು ವಾಹನ ಕಾಯ್ದೆ ಆರಿಸಿ, ಸೆಕ್ಷನ್ ಜಾಗದಲ್ಲಿ 185 ಹಾಕಿ. ಆ ಕೋರ್ಟಿನ ಇಂಥ ಕೇಸುಗಳ ಪಟ್ಟಿ ಬರುತ್ತದೆ. ಸೆಕ್ಷನ್ ನಮೂದಿಸುವಾಗ ಸಿಬ್ಬಂದಿ ಬಿಟ್ಟಿದ್ದರೆ ಕೇಸ್ ಅದರಲ್ಲಿ ಬರುವುದಿಲ್ಲ, ಆದ್ದರಿಂದ ಎರಡೂ ದಾರಿಯಲ್ಲಿ ನೋಡಿ.

ಪಟ್ಟಿಯಲ್ಲಿ ಒಂದು ಕಡೆ ಸರ್ಕಾರ, ಇಂಥ ಪೊಲೀಸ್ ಠಾಣೆ ಅಂತ ಇರುತ್ತದೆ. ಎದುರಿಗೆ ಆರೋಪಿಯ ಹೆಸರು. ನಂಬರ್ ಸಾಮಾನ್ಯವಾಗಿ ಸಿ.ಸಿ. ಅಂತ ಶುರುವಾಗುತ್ತದೆ. ಅದನ್ನು ತೆರೆದರೆ ದಾಖಲಾದ ದಿನ, ಸೆಕ್ಷನ್, ಯಾವ ನ್ಯಾಯಾಧೀಶರ ಕೋರ್ಟ್, ಎಷ್ಟು ಸಲ ಕರೆದರು, ಹೇಗೆ ಮುಗಿಯಿತು ಎಲ್ಲ ಕಾಣುತ್ತದೆ. ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ, ನಮ್ಮ ರಾಜ್ಯದ್ದು ಕೆಎ ಅಂತ ಶುರು. ಅದನ್ನು ಬರೆದಿಟ್ಟುಕೊಳ್ಳಿ. ಇಡೀ ದೇಶದಲ್ಲಿ ಆ ನಂಬರಿನ ಕೇಸ್ ಒಂದೇ.

ಈಗ ನಿಲ್ಲಬೇಕಾದ ಜಾಗಕ್ಕೆ ಬಂದಿರಿ. ಪರದೆಯ ಮೇಲೆ ನಿಮ್ಮ ಡ್ರೈವರ್ ಹೆಸರು ಇದೆ. 185 ಅಂತಲೂ ಇದೆ. ಎದೆ ಧಸಕ್ ಅನ್ನುತ್ತದೆ. ಆದರೆ ನಿಮಗೆ ಸಿಕ್ಕಿರುವುದು ಒಂದು ಹೆಸರು ಮಾತ್ರ. ಆತನೇ ಅಂತ ಇನ್ನೂ ಗೊತ್ತಾಗಿಲ್ಲ.

ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕ್ರಿಮಿನಲ್ ಕೇಸ್ ನಡೆಸಿದವನು. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ನನ್ನ ಆಫೀಸಿಗೆ ಬಂದ. ಅಡಿಕೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಮಾಲೀಕರ ಮಗ ಮೊಬೈಲಿನಲ್ಲಿ ಕೇಸ್ ಹುಡುಕಿ, ಇವನ ಹೆಸರು ನೋಡಿ, ಅವತ್ತೇ ಕೀಲಿ ಕಿತ್ತುಕೊಂಡಿದ್ದರು. 'ಸಾರ್, ನಾನು ಕುಡಿಯೋದೇ ಇಲ್ಲ, ಅಯ್ಯಪ್ಪನ ಮಾಲೆ ಹಾಕೋನು' ಅಂತ ಹುಡುಗ ಅತ್ತ. ನಾನು ಕೋರ್ಟಿನಲ್ಲಿ ನಕಲಿಗೆ ಅರ್ಜಿ ಹಾಕಿದೆ. ಕಾಗದ ಕೈಗೆ ಬಂದಾಗ ಆರೋಪಿಯ ಹೆಸರು ಅದೇ, ಊರಿನ ಹೆಸರೂ ಅದೇ. ತಂದೆಯ ಹೆಸರು ಬೇರೆ. ವಯಸ್ಸು 52. ನನ್ನ ಎದುರು ಕೂತ ಹುಡುಗನಿಗೆ 29. ಆ ಕಾಗದ ತಗೊಂಡು ಅವನು ಮಾಲೀಕರ ಮನೆಗೆ ಹೋಗುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಗಾಡಿಗೆ ಬೇರೆ ಡ್ರೈವರ್ ಬಂದಾಗಿತ್ತು. ಅಡಿಕೆ ಸುಗ್ಗಿಯ ದುಡಿಮೆ ಇಡೀ ಹೋಯಿತು. ಅವನಿಗೆ ಕ್ಷಮೆ ಕೇಳಿದವರು ಯಾರೂ ಇಲ್ಲ.

ನಮ್ಮ ಕಡೆ ಒಂದು ಹಳ್ಳಿಯಲ್ಲಿ ನಾಲ್ಕು ಮಂಜುನಾಥ, ಮೂರು ನಾಗರಾಜ ಇರುತ್ತಾರೆ. ಆದ್ದರಿಂದ ಹೆಸರಿನ ಜೊತೆ ತಂದೆಯ ಹೆಸರು, ವಯಸ್ಸು, ವಿಳಾಸ, ಸಾಧ್ಯವಾದರೆ ಲೈಸೆನ್ಸ್ ನಂಬರ್, ಗಾಡಿ ನಂಬರ್ ತಾಳೆ ಆಗಬೇಕು. ಇವುಗಳಲ್ಲಿ ಹೆಚ್ಚಿನವು ಜಾಲತಾಣದಲ್ಲಿ ಇರುವುದಿಲ್ಲ, ಕಡತದಲ್ಲಿ ಇರುತ್ತವೆ. ತಾಳೆ ಆಗುವವರೆಗೂ ಪರದೆಯ ಫೋಟೊ ತೆಗೆದು ಶಾಲೆಯ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟದ್ದು. ಅದಕ್ಕಿಂತ ದೊಡ್ಡ ಮಾತು, ಆ ಗುಂಪಿಗೆ ಬಿದ್ದದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಕೇಸ್ ಆತನದ್ದೇ ಅಂತ ಖಚಿತವಾಯಿತು ಅಂದುಕೊಳ್ಳಿ. ಆಗ ಕೊನೆಯ ಸಾಲನ್ನು ಸರಿಯಾಗಿ ಓದಿ. ಮುಗಿದಿದೆ ಅಂತ ಇದ್ದರೆ ಹೇಗೆ ಮುಗಿಯಿತು ಅನ್ನುವುದು ಮುಖ್ಯ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಅದು ಶಿಕ್ಷೆಯೇ. 'ಫೈನ್ ಕಟ್ಟಿ ಬಂದೆ, ಕೇಸ್ ಏನೂ ಆಗಲಿಲ್ಲ' ಅಂತ ಡ್ರೈವರುಗಳು ಹೇಳುತ್ತಾರೆ, ಮನಸ್ಸಿನಲ್ಲಿ ಹಾಗೇ ನಂಬಿಕೊಂಡೂ ಇರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅದು ಅಪರಾಧ ಸಾಬೀತಾದ ಕೇಸು, ಇನ್ನೊಂದು ಸಲ ಸಿಕ್ಕಿದರೆ ಎರಡನೇ ಅಪರಾಧ ಆಗುತ್ತದೆ. ಖುಲಾಸೆ ಅಂತ ಇದ್ದರೆ ಕೋರ್ಟ್ ಆತನನ್ನು ಬಿಟ್ಟಿದೆ. ಅಲ್ಲಿಗೆ ನೀವೂ ಬಿಡಬೇಕು. ಬಾಕಿ ಇದ್ದರೆ ಆತ ಇನ್ನೂ ಆರೋಪಿ, ಅಪರಾಧಿ ಅಲ್ಲ. ಆದರೆ ಎರಡು ವರ್ಷದಿಂದ ವಾರಂಟ್ ಹಂತದಲ್ಲೇ ನಿಂತಿದ್ದರೆ, ಆತ ಕೋರ್ಟಿಗೆ ಮುಖ ತೋರಿಸಿಲ್ಲ ಅಂತ ಅರ್ಥ. ಮಕ್ಕಳನ್ನು ಒಪ್ಪಿಸುವ ಮೊದಲು ನಾನಾದರೆ ಅದನ್ನು ಗಮನಿಸುತ್ತೇನೆ.

ಸಣ್ಣ ಕೇಸುಗಳಲ್ಲಿ ಆದೇಶದ ಪ್ರತಿ ಜಾಲತಾಣದಲ್ಲಿ ಇಲ್ಲದೇ ಇರುವುದು ಮಾಮೂಲು. ಆಗ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಕೇಸಿಗೆ ಸಂಬಂಧ ಇಲ್ಲದವರು ಯಾಕೆ ಬೇಕು ಅಂತ ಕಾರಣ ಬರೆಯಬೇಕು, ಕೊಡುವುದು ಬಿಡುವುದು ಕೋರ್ಟಿನ ತೀರ್ಮಾನ. 'ನನ್ನ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಡ್ರೈವರ್ ಇವರೇ ಹೌದೋ ಅಲ್ಲವೋ ತಿಳಿಯಬೇಕಿದೆ' ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದು ಸಣ್ಣ ಕಾರಣ ಅಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಬೇಗ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಕೋರ್ಟ್ ಕಡತಕ್ಕೆ ಆ ದಾರಿ ನಡೆಯುವುದಿಲ್ಲ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಸ್ಪಷ್ಟ ಮಾಡಿದೆ, ಕೋರ್ಟಿನ ನಿಯಮದಂತೆಯೇ ನಕಲು ಕೇಳಬೇಕು. ಹಾಗೇ ಚಾರ್ಜ್‌ಶೀಟ್ ಎಲ್ಲರಿಗೂ ತೆರೆದಿಡುವ ದಾಖಲೆ ಅಲ್ಲ ಅಂತ 2023ರಲ್ಲಿ ಹೇಳಿದೆ. ಅದಕ್ಕಾಗಿ ಓಡಾಡಿ ಸುಸ್ತಾಗಬೇಡಿ. ನಿಮಗೆ ಬೇಕಾದದ್ದು ಕೊನೆಯ ಆದೇಶ, ಅದರಲ್ಲಿ ಆರೋಪಿಯ ವಿವರ ಇರುತ್ತದೆ.

ಪೊಲೀಸರ ಕಡೆ ಎಫ್‌ಐಆರ್ ಸಿಗಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಅಂತ ಆದೇಶಿಸಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ ಇದೆ. ನೆಟ್‌ವರ್ಕ್ ಸಿಗದ ಗುಡ್ಡಗಾಡಿಗೆ 72 ಗಂಟೆಯವರೆಗೆ ಅವಕಾಶ ಕೊಟ್ಟಿತು, ನಮ್ಮ ಕಡೆಯ ಠಾಣೆಗಳನ್ನು ನೋಡಿಯೇ ಬರೆದ ಹಾಗಿದೆ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಹಾಕಿ ಹುಡುಕಬಹುದು. ಆದರೆ ಬರೀ ಊದಿಸಿ ಹಿಡಿದ ಕೇಸಿನಲ್ಲಿ ಬಹಳ ಸಲ ಎಫ್‌ಐಆರ್ ಇರುವುದೇ ಇಲ್ಲ, ಟ್ರಾಫಿಕ್ ಪೊಲೀಸರು ನೇರ ಕೋರ್ಟಿಗೆ ವರದಿ ಹಾಕಿರುತ್ತಾರೆ. ಅಪಘಾತ ಆಗಿ ಯಾರಿಗಾದರೂ ಪೆಟ್ಟಾಗಿದ್ದರೆ ಎಫ್‌ಐಆರ್ ಇದ್ದೇ ಇರುತ್ತದೆ. ಆಗ 185ರ ಜೊತೆ ಅಜಾಗರೂಕ ಚಾಲನೆಯ ಸೆಕ್ಷನ್ ಸೇರಿರುತ್ತದೆ. 2024ರ ಜುಲೈ 1ರ ಮೊದಲಿನದಾದರೆ ಐಪಿಸಿ 279, ಆಮೇಲಿನದಾದರೆ ನ್ಯಾಯ ಸಂಹಿತೆಯ 281. ನಿಮ್ಮ ಕೇಸ್ ಸುಮಾರು ಎರಡು ವರ್ಷದ್ದು ಅಂದಿರಿ, ಆದ್ದರಿಂದ ಎರಡು ನಂಬರನ್ನೂ ನೆನಪಿಡಿ.

ಅರೆಸ್ಟ್ ಆದವರ ಹೆಸರು, ವಿಳಾಸ, ಅಪರಾಧ ಯಾವುದು ಅನ್ನುವುದನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ, ಬಂಧನ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಹೇಳುತ್ತದೆ. ಅದು ಇವತ್ತಿನ ಅರೆಸ್ಟಿಗೆ ಉಪಯೋಗ. ಎರಡು ವರ್ಷದ ಹಿಂದಿನ ಹೆಸರನ್ನು ಬೋರ್ಡಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಪೊಲೀಸರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಫೀಸ್ 10 ರೂಪಾಯಿ, ಕರ್ನಾಟಕದಲ್ಲಿ 150 ಪದದೊಳಗೆ ಒಂದೇ ವಿಷಯ ಕೇಳಬೇಕು, 30 ದಿನದಲ್ಲಿ ಉತ್ತರ ಬರಬೇಕು. ಹೆಸರು ಹಾಕಿ ಒಬ್ಬರ ಬಗ್ಗೆ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸುವುದೇ ಜಾಸ್ತಿ. ನಾನು ಅದನ್ನು ಸಲಹೆ ಮಾಡುವುದಿಲ್ಲ.

ಜನ ಮರೆಯುವ ಇನ್ನೊಂದು ಜಾಗ ಲೈಸೆನ್ಸ್. 185ರಲ್ಲಿ ಸಿಕ್ಕಿದವರ ಲೈಸೆನ್ಸನ್ನು ಪೊಲೀಸರು ತೆಗೆದುಕೊಂಡು ಆರ್‌ಟಿಓಗೆ ಕಳಿಸಬೇಕು, ಅಲ್ಲಿ ಅಮಾನತಿನ ಕ್ರಮ ನಡೆಯಬೇಕು ಅಂತ ಕಾಯ್ದೆಯ 206ನೇ ಸೆಕ್ಷನ್ ಹೇಳುತ್ತದೆ. ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ನಂಬರ್, ಹುಟ್ಟಿದ ದಿನ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ನಂಬರ್ ಕೆಎ-14 ಅಂತ ಶುರುವಾದರೆ ಶಿವಮೊಗ್ಗ, ಕೆಎ-15 ಅಂದರೆ ಸಾಗರ. ಬೇರೆ ಜಿಲ್ಲೆಯದಾಗಿದ್ದರೆ ಆತ ಮೊದಲು ಎಲ್ಲಿ ಓಡಿಸುತ್ತಿದ್ದ ಅನ್ನುವ ಸುಳಿವು ಸಿಕ್ಕೀತು, ಅಲ್ಲಿನ ಕೋರ್ಟಿನಲ್ಲೂ ಹುಡುಕಬಹುದು. ಓಮ್ನಿ ನಂಬರ್ ಹಾಕಿ ಇ-ಚಲನ್ ನೋಡಿದರೆ ಸಾಲದು. ಕುಡಿದ ಕೇಸ್ ಬೀಳುವುದು ಆಳಿನ ಮೇಲೆ, ಆತ ಅವತ್ತು ಓಡಿಸಿದ್ದು ಬೇರೆಯವರ ಗಾಡಿ ಇರಬಹುದು. ಅಂದಹಾಗೆ, ಆ ಓಮ್ನಿಗೆ ಹಳದಿ ಬೋರ್ಡ್ ಇದೆಯಾ ನೋಡಿ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸುವುದೇ ತಪ್ಪು.

ಆದರೆ ಲೈಸೆನ್ಸ್ ನಂಬರ್, ಹುಟ್ಟಿದ ದಿನ ನಿಮಗೆ ಯಾರು ಕೊಡುತ್ತಾರೆ? ಇಲ್ಲೇ ಎಲ್ಲಕ್ಕಿಂತ ಹತ್ತಿರದ ದಾರಿ ಇರುವುದು. ಅದು ಶಾಲೆ. ನೀವು ಒಬ್ಬರೇ ಪತ್ತೇದಾರಿ ಮಾಡುವ ಬದಲು, ಅದೇ ಓಮ್ನಿಯಲ್ಲಿ ಹೋಗುವ ಮಕ್ಕಳ ತಂದೆ-ತಾಯಿ ನಾಲ್ಕು ಜನ ಸೇರಿ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ. ಒಂದು ಪುಟದ ಅರ್ಜಿ ಕೊಡಿ. ಆತನ ಹೆಸರು ಎತ್ತಿ ದೂರಬೇಡಿ. ಮಕ್ಕಳನ್ನು ಕರೆತರುವ ಎಲ್ಲ ಡ್ರೈವರುಗಳ ಲೈಸೆನ್ಸ್ ಪ್ರತಿ ಮತ್ತು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಶಾಲೆಯಲ್ಲಿ ಇರಬೇಕು ಅಂತ ಕೇಳಿ. ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಡ್ರೈವರ್ ತಾನೇ ಹಾಕುವುದರಿಂದ ಪೊಲೀಸರು ತಮ್ಮ ಒಳಗಿನ ದಾಖಲೆ ನೋಡಿಯೇ ಕೊಡುತ್ತಾರೆ. ನಿಮಗೆ ಹೊರಗಿನಿಂದ ಕಾಣದ್ದು ಅಲ್ಲಿ ಕಾಣುತ್ತದೆ.

ಶಾಲೆಯವರು 'ಗಾಡಿ ನಮ್ಮದಲ್ಲ, ಖಾಸಗಿಯವರದು' ಅನ್ನಬಹುದು. ಆಗ ಒಂದು ಮಾತು ನೆನಪಿಸಿ. 1997ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಶಾಲಾ ಬಸ್ಸುಗಳ ವಿಚಾರದಲ್ಲಿ, ಕುಡಿದು ಓಡಿಸಿದ್ದಕ್ಕೆ ಒಂದೇ ಒಂದು ಸಲ ಚಲನ್ ಆದವರನ್ನೂ ಶಾಲಾ ಬಸ್ಸಿಗೆ ಇಟ್ಟುಕೊಳ್ಳಬಾರದು ಅಂದಿತ್ತು. ಆ ಆದೇಶ ನಮ್ಮ ಹಳ್ಳಿ ಓಮ್ನಿಗೆ ನೇರವಾಗಿ ಬರೆದದ್ದಲ್ಲ. ಆದರೆ ಮಕ್ಕಳ ಗಾಡಿಗೆ ಎಂಥವರು ಬೇಕು ಅನ್ನುವ ಅಳತೆಗೋಲು ಅದರಲ್ಲಿದೆ. ಶಾಲೆಯ ಗೇಟಿನೊಳಗೆ ಮಕ್ಕಳನ್ನು ಇಳಿಸಿಕೊಳ್ಳುವ ಶಾಲೆಗೆ ಯಾರು ತಂದು ಇಳಿಸಿದರು ಅಂತ ಕೇಳುವ ಹೊಣೆಯೂ ಇದೆ.

ಡ್ರೈವರನ್ನೂ ಒಮ್ಮೆ ಕೇಳಿ. ಸಂಜೆ ಮಕ್ಕಳನ್ನು ಬಿಟ್ಟು ಹೋಗುವಾಗ, ಬೇರೆಯವರ ಎದುರು ಅಲ್ಲದೆ, ಮನೆಯ ಜಗಲಿಗೆ ಕರೆದು ಕೂರಿಸಿ ಕೇಳಿ. 'ಹಿಂಗೊಂದು ಮಾತು ಕಿವಿಗೆ ಬಿತ್ತು, ನಿಜವಾ?' ಅನ್ನಿ. ಕೇಸ್ ಆಗಿ ದಂಡ ಕಟ್ಟಿ, ಆಮೇಲೆ ಕುಡಿತ ಬಿಟ್ಟವರನ್ನು ನಾನು ನೋಡಿದ್ದೇನೆ. ಕೆಲವರು ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಕೇಳಿದ ಕೂಡಲೇ ರೇಗಿ ಎದ್ದು ಹೋಗುವವರನ್ನೂ ನೋಡಿದ್ದೇನೆ. ಇಬ್ಬರ ವ್ಯತ್ಯಾಸ ತಾಯಿಯಾದ ನಿಮಗೆ ಗೊತ್ತಾಗುತ್ತದೆ.

ಇಂಟರ್ನೆಟ್ ಕೆಲಸ ಕಷ್ಟ ಅನ್ನಿಸಿದರೆ ಕೋರ್ಟಿನ ಇ-ಸೇವಾ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಿಬ್ಬಂದಿ ಕೇಸ್ ಸ್ಥಿತಿ ನೋಡಿ ಹೇಳುತ್ತಾರೆ. ವಕೀಲರ ಫೀಸಿನ ಚಿಂತೆ ಇದ್ದರೆ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಇದೆ. ಹೋಗುವಾಗ ಒಂದು ಹಾಳೆಯಲ್ಲಿ ಡ್ರೈವರ್ ಹೆಸರು, ತಂದೆ ಹೆಸರು, ಊರು, ಅಂದಾಜು ವಯಸ್ಸು, ಸುದ್ದಿಯಲ್ಲಿ ಕೇಳಿದ ತಿಂಗಳು ಬರೆದುಕೊಂಡು ಹೋಗಿ. ಬೆಳಿಗ್ಗೆ ಕಲಾಪ ಶುರುವಾಗುವ ಮೊದಲೇ ತಲುಪಿದರೆ ಒಳ್ಳೆಯದು. ಆಮೇಲೆ ಕೋರ್ಟ್ ಆವರಣ ತುಂಬಿಬಿಡುತ್ತದೆ, ನಿಂತು ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.